ಮಿತಿಮೀರಿ ತಿನ್ನುವ ಕಾಯಿಲೆಗೆ ಚಿಕಿತ್ಸೆ: ಮನಶ್ಶಾಸ್ತ್ರಜ್ಞೆಗೆ ಪೂರ್ಣ ಅಂಕ, ಕ್ಲಿನಿಕ್ಕಿಗೆ ಅರ್ಧ

ದಕ್ಷಿಣ ಬೆಂಗಳೂರಿನ ಒಂದು ಖಾಸಗಿ ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ ಮಿತಿಮೀರಿ ತಿನ್ನುವ ಕಾಯಿಲೆಗೆ ನಾನು ಪಡೆದ ಚಿಕಿತ್ಸೆಯ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಆರಂಭದ ಭೇಟಿ ಅಲ್ಲಿಯೇ ನಡೆಯಿತು. ಉಳಿದವು ಹೆಚ್ಚಾಗಿ ದಾವಣಗೆರೆಯ ನನ್ನ ಮನೆಯಿಂದಲೇ, ವಿಡಿಯೊ ಕರೆಯಲ್ಲಿ. ಚಿಕಿತ್ಸೆ ಕೊಟ್ಟ ಮನಶ್ಶಾಸ್ತ್ರಜ್ಞೆಯ ಕೆಲಸವನ್ನು ಮನಸಾರೆ ಹೊಗಳುತ್ತೇನೆ. ಅದೇ ಕ್ಲಿನಿಕ್ಕಿನ ಇನ್ನೊಂದು ವಿಭಾಗ ನಡೆದುಕೊಂಡ ರೀತಿಯ ಬಗ್ಗೆ ನನಗೆ ಗಟ್ಟಿಯಾದ ತಕರಾರಿದೆ. ಹಾಗಾಗಿ ಹೆಸರು ಬರೆಯುವುದಿಲ್ಲ. ಇಂಥ ಸೇವೆಯನ್ನು ಹುಡುಕುತ್ತಿರುವವರು ಏನನ್ನು ಕೇಳಿ ಪಡೆಯಬೇಕು, ಯಾವುದನ್ನು ಬೇಡವೆನ್ನಬೇಕು ಎಂಬುದು ಹೆಸರಿಲ್ಲದೆಯೂ ತಿಳಿಯುತ್ತದೆ.

ನಾನು ಫಾರ್ಮಸಿಸ್ಟ್. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಔಷಧಿ ಅಂಗಡಿಯಲ್ಲಿ ನನ್ನ ಪಾಳಿ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಒಂದೇ ಒಂದು ಚಪಾತಿ, ಸಂಜೆ ಏನೂ ಇಲ್ಲ. ಹೀಗೆ ದಿನವಿಡೀ ಬಿಗಿ ಹಿಡಿದು, ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ತಿನ್ನಲು ಶುರುಮಾಡುತ್ತಿದ್ದೆ. ಉಳಿದ ಅನ್ನ, ಅದಕ್ಕೆ ಮೊಸರು, ಡಬ್ಬಿಯ ತಳ ಕಾಣುವವರೆಗೆ ಮಂಡಕ್ಕಿ, ಬೇಕರಿಯಿಂದ ತಂದ ದಿಲ್‌ಪಸಂದ್, ಮಗಳ ಬಿಸ್ಕತ್ತು, ಕೊನೆಗೆ ಸಕ್ಕರೆ ಬೆರೆಸಿದ ಹಾಲಿನ ಪುಡಿ. ರುಚಿ ತಿಳಿಯುತ್ತಿರಲಿಲ್ಲ. ಹೊಟ್ಟೆ ನೋಯುತ್ತಿದ್ದರೂ ಕೈ ನಿಲ್ಲುತ್ತಿರಲಿಲ್ಲ. ವಾರದಲ್ಲಿ ಮೂರು ನಾಲ್ಕು ರಾತ್ರಿ ಹೀಗಾಗುತ್ತಿತ್ತು, ಕೆಲವು ವಾರ ಇನ್ನೂ ಹೆಚ್ಚು. ಮರುದಿನ ಬೆಳಿಗ್ಗೆ ಮತ್ತೆ ಬರೀ ಕಾಫಿ.

ನಮ್ಮಲ್ಲಿ ಇದಕ್ಕೆ ಹೊಟ್ಟೆಬಾಕತನ, ಬಾಯಿಚಪಲ ಎನ್ನುತ್ತಾರೆ. ಮೊದಲ ಭೇಟಿಯಲ್ಲೇ ಮನಶ್ಶಾಸ್ತ್ರಜ್ಞೆ ಸ್ಪಷ್ಟವಾಗಿ ಹೇಳಿದರು: ಇದು ಗುರುತಿಸಬಲ್ಲ, ಚಿಕಿತ್ಸೆಯಿರುವ ಕಾಯಿಲೆ. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ 1959ರಷ್ಟು ಹಿಂದೆಯೇ ಇಂಥ ತಿನ್ನುವಿಕೆಯನ್ನು ವಿವರಿಸಿದ್ದರು. ಅಮೆರಿಕದ ಮನೋವೈದ್ಯರ ರೋಗಪಟ್ಟಿ ಡಿಎಸ್‌ಎಂನಲ್ಲಿ ಇದಕ್ಕೆ ಸ್ವತಂತ್ರ ಸ್ಥಾನ ಸಿಕ್ಕಿದ್ದು 2013ರ ಐದನೇ ಆವೃತ್ತಿಯಲ್ಲಿ. ಅದರ ಪ್ರಕಾರ ಸರಾಸರಿ ವಾರಕ್ಕೊಮ್ಮೆಯಾದರೂ, ಮೂರು ತಿಂಗಳ ಕಾಲ, ಅಲ್ಪ ಸಮಯದಲ್ಲಿ ಹೆಚ್ಚಿನವರು ತಿನ್ನುವುದಕ್ಕಿಂತ ಬಹಳಷ್ಟು ತಿನ್ನುವುದು ಇರಬೇಕು. ಜೊತೆಗೆ, ನಿಲ್ಲಿಸಲು ತನ್ನಿಂದಾಗುತ್ತಿಲ್ಲ ಎಂಬ ಅನುಭವವಿರಬೇಕು. ಗಬಗಬನೆ ತಿನ್ನುವುದು, ಹಸಿವಿಲ್ಲದಿದ್ದರೂ ತಿನ್ನುವುದು, ಹೊಟ್ಟೆ ಬಿರಿಯುವವರೆಗೆ ತಿನ್ನುವುದು, ನಾಚಿಕೆಯಿಂದ ಒಬ್ಬರೇ ತಿನ್ನುವುದು, ಆಮೇಲೆ ತನ್ನ ಮೇಲೆ ತನಗೇ ಅಸಹ್ಯವಾಗುವುದು, ಇವುಗಳಲ್ಲಿ ಮೂರಾದರೂ ಇರಬೇಕು. ಅವರು ಒಂದೊಂದನ್ನೇ ಓದುತ್ತಾ ಹೋದರು. ನಾನು ಐದಕ್ಕೂ ಹೌದೆಂದೆ. ಆ ಮುಕ್ಕಾಲು ಗಂಟೆಯಲ್ಲಿ ನನಗೆ ಸಿಕ್ಕಿದ ಸಮಾಧಾನಕ್ಕೆ ಬೆಲೆ ಕಟ್ಟಲಾರೆ.

ಮೊದಲ ಭೇಟಿಯ ಗುಣಮಟ್ಟದ ಬಗ್ಗೆ ಇನ್ನೆರಡು ಮಾತು. ವಾಂತಿ ಮಾಡಿಕೊಳ್ಳುತ್ತೀರಾ, ಭೇದಿಮಾತ್ರೆ ನುಂಗುತ್ತೀರಾ ಎಂದು ನೇರವಾಗಿ, ಮುಖ ಕಿವುಚದೆ ಕೇಳಿದರು. ಅವು ಇದ್ದರೆ ಕಾಯಿಲೆಯೂ ಬೇರೆ, ಅಪಾಯವೂ ಬೇರೆ. ಬದುಕು ಸಾಕೆನಿಸಿದ್ದುಂಟೇ ಎಂದೂ ಕೇಳಿದರು. ಥೈರಾಯ್ಡ್, ಮೂರು ತಿಂಗಳ ಸರಾಸರಿ ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆಗಳನ್ನು ದಾವಣಗೆರೆಯಲ್ಲೇ ಮಾಡಿಸಿಕೊಂಡು ವರದಿ ಕಳುಹಿಸಿ ಎಂದರು, ತಮ್ಮದೇ ಪ್ರಯೋಗಾಲಯಕ್ಕೆ ಅಟ್ಟಲಿಲ್ಲ. ಮಾತೆಲ್ಲ ಕನ್ನಡದಲ್ಲಿ ನಡೆಯಿತು. ರಾತ್ರಿ ಕದ್ದು ತಿನ್ನುವ ಸಂಕಟವನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದಿದ್ದರೆ ನಾನು ಅರ್ಧಕ್ಕೇ ಎದ್ದು ಬರುತ್ತಿದ್ದೆ.

ಅವರು ಅನುಸರಿಸಿದ್ದು ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ವಿಧಾನ. ಅರಿವು ಮತ್ತು ವರ್ತನೆಗಳ ಮೇಲೆ ಕೆಲಸ ಮಾಡುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯನ್ನು ತಿನ್ನುವ ತೊಂದರೆಗಳಿಗೆಂದೇ ಹದಗೊಳಿಸಿದ ರೂಪ ಅದು. ಸಾಮಾನ್ಯವಾಗಿ 20 ವಾರಗಳಲ್ಲಿ 20 ಭೇಟಿಗಳು. ಮೊದಲ ನಾಲ್ಕು ವಾರ ವಾರಕ್ಕೆರಡು, ಆಮೇಲೆ ನಿಧಾನವಾಗಿ ಅಂತರ ಹೆಚ್ಚುತ್ತದೆ. ಬಾಲ್ಯವನ್ನು ಕೆದಕುತ್ತಾ ವರ್ಷಗಟ್ಟಲೆ ಕೂರಿಸುತ್ತಾರೆ ಎಂಬ ಅಂಜಿಕೆ ಬೇಡ. ತಿನ್ನುವ ಚಕ್ರ ಈಗ ಯಾವುದರಿಂದ ತಿರುಗುತ್ತಿದೆ ಎಂಬುದರ ಮೇಲೇ ಗಮನ.

ಮೊದಲ ಸಾಧನ ದಿನಚರಿ ಹಾಳೆ. ಹೊತ್ತು, ತಿಂದದ್ದು, ಎಲ್ಲಿ ತಿಂದದ್ದು, ಮಿತಿಮೀರಿತು ಅನ್ನಿಸಿದ ಕಡೆ ನಕ್ಷತ್ರದ ಗುರುತು, ಆಗ ಮನಸ್ಸಿನಲ್ಲಿದ್ದುದು, ಇಷ್ಟೇ. ಕ್ಯಾಲೊರಿ ಬರೆಯಲು ಅಂಕಣವೇ ಇಲ್ಲ, ಅದು ಬೇಕೆಂದೇ ಬಿಟ್ಟದ್ದು. ಕ್ಲಿನಿಕ್ಕಿನವರು ಇದಕ್ಕೊಂದು ಮೊಬೈಲ್ ಆ್ಯಪ್ ಕೂಡ ಕೊಟ್ಟಿದ್ದರು. ಅದು ಪ್ರಯೋಜನಕ್ಕೆ ಬಾರದ್ದು. ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ಕೇಳುತ್ತದೆ. ರೊಟ್ಟಿಯ ಜೊತೆಗಿನ ಪುಂಡಿಪಲ್ಲೆಯಾಗಲಿ, ಒಂದು ಸೌಟು ಸಾರಾಗಲಿ ಅದರ ಪಟ್ಟಿಯಲ್ಲಿಲ್ಲ. ಪ್ರತಿ ನಮೂದಿನ ಕೆಳಗೆ ಕೆಂಪಕ್ಷರದಲ್ಲಿ ಕ್ಯಾಲೊರಿ ತೋರಿಸುತ್ತದೆ. ಮನಶ್ಶಾಸ್ತ್ರಜ್ಞೆಗೆ ಹೇಳಿದೆ. ಆ್ಯಪ್ ತೆಗೆದುಹಾಕಿ, ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯಿರಿ, ತಿಂದ ತಕ್ಷಣ ಬರೆಯಿರಿ, ರಾತ್ರಿ ನೆನಪಿಸಿಕೊಂಡು ಬೇಡ ಎಂದರು. ಪುಟಗಳ ಫೋಟೊ ತೆಗೆದು ಭೇಟಿಯ ಹಿಂದಿನ ದಿನ ಕಳುಹಿಸುತ್ತಿದ್ದೆ. ಅವರು ಅದನ್ನು ಓದಿಕೊಂಡೇ ಬರುತ್ತಿದ್ದರು. ಯಾವ ಮಂಗಳವಾರ ಸಂಜೆ ಮಾಲೀಕರ ಜೊತೆ ಮಾತು ಬೆಳೆಯಿತು, ಆ ರಾತ್ರಿ ಏನಾಯಿತು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ನೆನಪಿರುತ್ತಿತ್ತು. ಹಣ ಕೊಟ್ಟು ಪಡೆಯುವ ಸೇವೆಯಲ್ಲಿ ಇಷ್ಟು ಶ್ರದ್ಧೆಯನ್ನು ನಾನು ಹೆಚ್ಚು ಕಡೆ ಕಂಡಿಲ್ಲ.

ಇಡೀ ಚಿಕಿತ್ಸೆಯ ಬೆನ್ನೆಲುಬು ಮುಂದಿನದು. ಹೊತ್ತುಹೊತ್ತಿಗೆ ಉಣ್ಣುವುದು. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ, ಎಚ್ಚರವಿರುವಾಗ ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡುವಂತಿಲ್ಲ. ಹಸಿವಿದೆಯೋ ಇಲ್ಲವೋ ಎಂದು ನೋಡದೆ, ಗಡಿಯಾರ ನೋಡಿ ತಿನ್ನಬೇಕು. ಹಿಂದಿನ ರಾತ್ರಿ ಎಷ್ಟೇ ತಿಂದಿದ್ದರೂ ಮರುದಿನದ ಬೆಳಗಿನ ತಿಂಡಿ ಬಿಡುವಂತಿಲ್ಲ. ತಿಂದು ತಿಂದೇ ಈ ಸ್ಥಿತಿಗೆ ಬಂದವಳಿಗೆ ಇನ್ನೂ ತಿನ್ನು ಎನ್ನುತ್ತಾರಲ್ಲ ಎಂದು ನಾನು ಗಟ್ಟಿಯಾಗಿಯೇ ವಾದಿಸಿದೆ. ಆಗ ಅವರು ಹೇಳಿದ್ದು ಮಿನೆಸೋಟ ವಿಶ್ವವಿದ್ಯಾಲಯದ ಪ್ರಯೋಗದ ಕಥೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944ರ ನವೆಂಬರಿನಲ್ಲಿ ಶುರುವಾದ ಆ ಪ್ರಯೋಗದಲ್ಲಿ, ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಸ್ವಯಂಸೇವಕರಾಗಿ ತೆಗೆದುಕೊಂಡು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ತಿನ್ನುವುದರಲ್ಲಿ ಹಿಂದೆ ಯಾವ ತೊಂದರೆಯೂ ಇಲ್ಲದವರು ಅವರು. ದಿನವಿಡೀ ಆಹಾರದ ಧ್ಯಾನದಲ್ಲೇ ಮುಳುಗಿದರು. ಆಮೇಲೆ ಮನಸ್ಸಿಗೆ ಬಂದಷ್ಟು ಉಣ್ಣಲು ಬಿಟ್ಟಾಗ, ಅವರಲ್ಲಿ ಕೆಲವರು ಎಷ್ಟು ತಿಂದರೂ ತೃಪ್ತಿಯಿಲ್ಲದೆ ಅಳತೆ ಮೀರಿ ತಿಂದರು. ಅವರ ಸ್ವಭಾವ ಕೆಟ್ಟಿರಲಿಲ್ಲ, ಹಸಿದ ದೇಹ ಮಾಡಬೇಕಾದ್ದನ್ನು ಮಾಡುತ್ತಿತ್ತು. ನನ್ನ ಒಂದು ಚಪಾತಿಯ ಮಧ್ಯಾಹ್ನಕ್ಕೂ ಹಾಲಿನ ಪುಡಿಯ ರಾತ್ರಿಗೂ ಇರುವ ನಂಟು ನನಗೆ ಅರ್ಥವಾದದ್ದು ಅಲ್ಲಿ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಸಂಜೆ ಏಳೂವರೆ ನನಗೆ ರಾತ್ರಿ ಊಟಕ್ಕೆ ಗೊತ್ತುಮಾಡಿದ ಹೊತ್ತು. ಅದೇ ಹೊತ್ತಿಗೆ ಸುತ್ತಲಿನ ಡಾಕ್ಟರುಗಳ ಸಂಜೆಯ ಚೀಟಿಗಳೆಲ್ಲ ಅಂಗಡಿಗೆ ಬರುತ್ತವೆ, ಉಸಿರಾಡಲು ಪುರುಸೊತ್ತಿರುವುದಿಲ್ಲ. ಮಾಲೀಕರ ಹತ್ತಿರ ಹದಿನೈದು ನಿಮಿಷ ಕೇಳುವುದು ಹೇಗೆ ಎಂಬುದನ್ನೇ ಒಂದು ಭೇಟಿಯಲ್ಲಿ ಅರ್ಧ ಹೊತ್ತು ಅಭ್ಯಾಸ ಮಾಡಿಸಿದರು. ಕೇಳಿದೆ, ಒಪ್ಪಿದರು. ಈಗ ಹಿಂದಿನ ಗೋದಾಮಿನಲ್ಲಿ ಕುರ್ಚಿ ಹಾಕಿಕೊಂಡು ರೊಟ್ಟಿ, ಪಲ್ಯ, ಮೊಸರನ್ನ ಉಣ್ಣುತ್ತೇನೆ.

ಶ್ರಾವಣ ಸೋಮವಾರದ ಒಪ್ಪತ್ತು ಇನ್ನೊಂದು ಗಂಟು. ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದ ನಡೆದು ಬಂದ ವ್ರತ. ಹಗಲೆಲ್ಲ ನೀರು, ರಾತ್ರಿ ಒಂದೇ ಊಟ. ನನ್ನ ಮಟ್ಟಿಗೆ ಅದು ತಪ್ಪದೆ ಕೆಟ್ಟ ರಾತ್ರಿಯಾಗುತ್ತಿತ್ತು. ಮನಶ್ಶಾಸ್ತ್ರಜ್ಞೆ ವ್ರತವನ್ನು ಹಗುರ ಮಾಡಿ ಮಾತಾಡಲಿಲ್ಲ, ಬಿಟ್ಟುಬಿಡಿ ಎಂದೂ ಅಪ್ಪಣೆ ಕೊಡಲಿಲ್ಲ. ವ್ರತದಲ್ಲಿ ನಿಮಗೆ ಮುಖ್ಯವಾದದ್ದು ಯಾವುದು ಎಂದು ಕೇಳಿದರು. ಪೂಜೆ, ಮತ್ತು ಅತ್ತೆಯವರ ಜೊತೆ ಗುಡಿಗೆ ಹೋಗುವುದು ಎಂದೆ. ಹಾಗಾದರೆ ಅವೆರಡೂ ಇರಲಿ, ಹೊತ್ತುಹೊತ್ತಿಗೆ ಹಣ್ಣು, ಹಾಲು, ಸಾಬೂದಾನಿ ಉಪ್ಪಿಟ್ಟು ಇರಲಿ ಎಂದರು. ಅತ್ತೆಯವರಿಗೆ ಹೇಳಿದೆ. ಒಂದು ವಾರ ಮುಖ ಬಿಗಿದುಕೊಂಡಿದ್ದರು. ಮುಂದಿನ ಸೋಮವಾರ ಸಾಬೂದಾನಿ ನೆನೆಹಾಕಿದ್ದು ಅವರೇ.

ಉಳಿದ ಉಪಾಯಗಳು ಚಿಕ್ಕವು, ಆದರೆ ನಾಟುವಂಥವು. ತಿನ್ನಬೇಕೆಂಬ ಸೆಳೆತ ಬಂದಾಗ, ತಿನ್ನುತ್ತಾ ಮಾಡಲಾಗದ ಕೆಲಸವೊಂದನ್ನು ಹಿಡಿಯಬೇಕು. ಸೆಳೆತ ಏರುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಇಳಿಯುತ್ತದೆ ಎಂಬುದನ್ನು ಅನುಭವದಿಂದ ತಿಳಿಯಬೇಕು. ನಾನು ಆರಿಸಿಕೊಂಡದ್ದು ಹೂ ಕಟ್ಟುವುದು. ಎರಡೂ ಕೈ ಬೇಕು, ದಾರದ ಮೇಲೆ ಕಣ್ಣಿರಬೇಕು. ಹೂವಿಲ್ಲದ ದಿನ ಹುಬ್ಬಳ್ಳಿಯ ತಂಗಿಗೆ ಫೋನ್. ತೂಕ ನೋಡುವುದಕ್ಕೂ ಕಟ್ಟಳೆ ಬಂತು: ವಾರಕ್ಕೆ ಒಮ್ಮೆ, ಅದೂ ಭೇಟಿಯ ದಿನ ಮಾತ್ರ. ನಮ್ಮ ಅಂಗಡಿಯ ಬಾಗಿಲಲ್ಲೇ ತೂಕದ ಯಂತ್ರವಿದೆ. ದಿನಕ್ಕೆ ಹಲವು ಸಲ ಅದರ ಮೇಲೆ ಹತ್ತುತ್ತಿದ್ದೆ. ಅರ್ಧ ಕಿಲೋ ಏರಿದ್ದರೆ ಉಪವಾಸಕ್ಕೆ ನಿರ್ಧರಿಸುತ್ತಿದ್ದೆ, ಉಪವಾಸದ ಬೆನ್ನಿಗೆ ಮತ್ತೆ ಕೆಟ್ಟ ರಾತ್ರಿ. ಏರಿಳಿತದ ನಾಲ್ಕು ವಾರದ ಗೆರೆಯನ್ನು ಒಟ್ಟಿಗೆ ನೋಡಬೇಕೇ ಹೊರತು ಒಂದು ದಿನದ ಅಂಕಿಗೆ ಅರ್ಥವಿಲ್ಲ ಎಂದು ಕಲಿಸಿದರು.

ಮನೆಗೆ ತರಲು ಹೆದರುತ್ತಿದ್ದ ತಿಂಡಿಗಳ ಪಟ್ಟಿ ಮಾಡಿಸಿದ್ದು ನಡುವಿನ ಹಂತದಲ್ಲಿ. ಕೊಬ್ಬರಿ ಮಿಠಾಯಿ, ದಿಲ್‌ಪಸಂದ್, ಖಾರಾ ಮಂಡಕ್ಕಿ, ಮಿರ್ಚಿ ಬಜ್ಜಿ. ಕಡಿಮೆ ಹೆದರಿಕೆಯದ್ದರಿಂದ ಶುರುಮಾಡಿ, ಒಳ್ಳೆಯ ದಿನ ನೋಡಿ, ತಟ್ಟೆಯಲ್ಲಿ ಹಾಕಿಕೊಂಡು, ಕೂತು, ಯಾರಾದರೂ ಜೊತೆಗಿರುವಾಗ ತಿನ್ನಬೇಕು. ದಾವಣಗೆರೆಯಲ್ಲಿದ್ದು ಮಂಡಕ್ಕಿ ಮಿರ್ಚಿಯನ್ನು ಶಾಶ್ವತವಾಗಿ ಬಿಡುತ್ತೇನೆ ಎಂದರೆ ಯಾವ ಪ್ರತಿಜ್ಞೆಯೂ ನಿಲ್ಲುವುದಿಲ್ಲ. ಗಂಡನ ಜೊತೆ ಭಾನುವಾರ ಸಂಜೆ ಅಂಗಡಿಯ ಬೆಂಚಿನ ಮೇಲೆ ಕೂತು ಒಂದು ತಟ್ಟೆ ತಿಂದು ಎದ್ದು ಬಂದೆ. ಕೈ ನಡುಗುತ್ತಿತ್ತು. ಆ ರಾತ್ರಿ ಏನೂ ಆಗಲಿಲ್ಲ.

ಈಗ ತಕರಾರು. ಅದೇ ಕ್ಲಿನಿಕ್ಕಿನಲ್ಲಿ ತೂಕ ಇಳಿಸುವ ವಿಭಾಗವೊಂದಿದೆ. ನನ್ನ ನೋಂದಣಿಯಾದ ಕೂಡಲೇ ಮೊಬೈಲಿಗೆ ಅದರ ಜಾಹೀರಾತು ಸಂದೇಶಗಳು ಬರತೊಡಗಿದವು. ಚಿಕಿತ್ಸೆ ಹಿಡಿತಕ್ಕೆ ಬರುತ್ತಿದ್ದ ಹೊತ್ತಿನಲ್ಲಿ ಅಲ್ಲಿನ ಆಹಾರ ಸಲಹೆಗಾರರಿಂದ ಕರೆ ಬಂತು, ಚಿಕಿತ್ಸೆಯ ಭಾಗವೇ ಎಂಬಂತೆ. ದಿನಕ್ಕೆ 1,200 ಕ್ಯಾಲೊರಿಯ ಪಟ್ಟಿ ಕಳುಹಿಸಿದರು. ಸಂಜೆ ಆರರ ನಂತರ ಏನೂ ಇಲ್ಲ, ಅನ್ನ ಪೂರ್ತಿ ನಿಷೇಧ, ಬೆಲ್ಲಕ್ಕೂ ಕತ್ತರಿ. ಮಿನೆಸೋಟದ ಆ ಯುವಕರಿಗೆ ಅರೆಹೊಟ್ಟೆಯ ಕಾಲದಲ್ಲಿ ಕೊಟ್ಟದ್ದೇ ದಿನಕ್ಕೆ ಸುಮಾರು 1,570 ಕ್ಯಾಲೊರಿ. ಅವರು ಗಂಡಸರು, ವಾರಕ್ಕೆ 22 ಮೈಲಿ ನಡೆಯುತ್ತಿದ್ದವರು, ನೇರ ಹೋಲಿಕೆ ಸಲ್ಲದು ನಿಜ. ಆದರೂ ರಾತ್ರಿ ಹತ್ತರವರೆಗೆ ನಿಂತು ಕೆಲಸ ಮಾಡುವ, ಹಸಿವಿನ ಬೆನ್ನಿಗೇ ಕಾಯಿಲೆ ಬರುವ ರೋಗಿಗೆ ಈ ಪಟ್ಟಿ ಕಳುಹಿಸುವ ಮುನ್ನ ನನ್ನ ಕಡತವನ್ನು ಒಮ್ಮೆ ತೆರೆದು ನೋಡಬೇಕಿತ್ತು. ಪಟ್ಟಿ ಹಿಡಿದ ವಾರವೇ ನಕ್ಷತ್ರಗಳು ನೋಟ್‌ಬುಕ್ಕಿಗೆ ವಾಪಸ್ ಬಂದವು.

ಮನಶ್ಶಾಸ್ತ್ರಜ್ಞೆ ಪಟ್ಟಿಯನ್ನು ನಿಲ್ಲಿಸಲು ಹೇಳಿದರು, ತಾವೂ ಒಳಗೆ ಆಕ್ಷೇಪ ಬರೆದರು. ನಾನು ಆಡಳಿತಕ್ಕೆ ದೂರು ಕೊಟ್ಟೆ. ಬಂದ ಉತ್ತರ, ನಿಮ್ಮ ಅನಿಸಿಕೆಗೆ ಧನ್ಯವಾದ ಎಂಬ ಅಚ್ಚು ಹಾಕಿದ ಸಾಲು. ಸಂದೇಶಗಳು ಕೊನೆಯವರೆಗೂ ನಿಲ್ಲಲಿಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2017ರಲ್ಲಿ ಹೊರಡಿಸಿದ ಸೂಚನೆಯಲ್ಲಿ ಈ ಮಾತು ನೇರವಾಗಿದೆ: ಮಾತಿನ ಚಿಕಿತ್ಸೆಯಿಂದ ತೂಕದ ಮೇಲಾಗುವ ಪರಿಣಾಮ ಅಲ್ಪ, ತೂಕ ಇಳಿಸುವುದು ಈ ಚಿಕಿತ್ಸೆಯ ಗುರಿಯಲ್ಲ ಎಂದು ರೋಗಿಗೆ ಮೊದಲೇ ತಿಳಿಸಬೇಕು. ಮನಶ್ಶಾಸ್ತ್ರಜ್ಞೆ ಮೊದಲ ದಿನವೇ ಇದನ್ನು ತಿಳಿಸಿದ್ದರು. ಒಂದೇ ಸೂರಿನ ಕೆಳಗೆ ಒಬ್ಬರು ಹೀಗೆ ಹೇಳುವಾಗ ಇನ್ನೊಬ್ಬರು ಕಿಲೋ ಲೆಕ್ಕದಲ್ಲಿ ಆಸೆ ಮಾರುವುದು ರೋಗಿಗೆ ಮಾಡುವ ದ್ರೋಹ. ಬೇರೆ ಮಾತು ನನಗೆ ಸಿಗುತ್ತಿಲ್ಲ.

ಔಷಧಿಯ ವಿಚಾರ ನನ್ನ ಕಸುಬಿನದ್ದಾದ್ದರಿಂದ ಸ್ವಲ್ಪ ಹೇಳುತ್ತೇನೆ. ಒಮ್ಮೆ ಅಲ್ಲಿನ ಮನೋವೈದ್ಯರನ್ನೂ ಕಂಡೆ. ಖಿನ್ನತೆ ತೀವ್ರವಾಗಿಲ್ಲ, ಸದ್ಯಕ್ಕೆ ಮಾತ್ರೆ ಬೇಡ ಎಂದರು, ಒಪ್ಪಿಗೆಯಾಯಿತು. ಅಂಗಡಿಗೆ ಬರುವವರು ತೂಕದ ಮಾತ್ರೆ ಕೊಡಿ ಎಂದು ಆರ್ಲಿಸ್ಟ್ಯಾಟ್ ಕೇಳುತ್ತಾರೆ. ಅದು ಕರುಳಿನಲ್ಲಿ ಆಹಾರದ ಕೊಬ್ಬಿನ ಸುಮಾರು ಮೂರನೇ ಒಂದು ಭಾಗ ಹೀರಿಕೆಯಾಗದಂತೆ ತಡೆಯುತ್ತದೆ, ಅಷ್ಟೇ. ಅಡುಗೆಮನೆಯಲ್ಲಿ ನಡುರಾತ್ರಿ ನಿಂತ ಮನಸ್ಸನ್ನು ಅದು ಮುಟ್ಟುವುದಿಲ್ಲ. 2025ರಲ್ಲಿ ತೂಕ ಇಳಿಸುವ ಮೌಂಜಾರೊ, ವೆಗೋವಿ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದ ಮೇಲೆ ಅವುಗಳ ವಿಚಾರಣೆಯೂ ಹೆಚ್ಚಾಗಿದೆ. ಅವುಗಳಿಗೆ ಅನುಮತಿ ಇರುವುದು ಮಧುಮೇಹ, ಬೊಜ್ಜಿನಂಥ ಕಾರಣಗಳಿಗೆ, ಮಿತಿಮೀರಿ ತಿನ್ನುವ ಕಾಯಿಲೆಗಲ್ಲ. ಎರಡೂ ಇರುವವರು ವೈದ್ಯರಿಗೆ ಎರಡನ್ನೂ ಹೇಳಲೇಬೇಕು. ಕೌಂಟರಿನಲ್ಲಿ ಪಿಸುದನಿಯಲ್ಲಿ ಕೇಳುವವರನ್ನು ಕಂಡಾಗ ನನಗೆ ಕರುಳು ಹಿಂಡಿದಂತಾಗುತ್ತದೆ. ಅವರಲ್ಲಿ ಎಷ್ಟು ಮಂದಿ ನನ್ನ ದಾರಿಯಲ್ಲೇ ನಡೆದು ಬಂದವರೋ.

ಖರ್ಚು. ಐವತ್ತು ನಿಮಿಷದ ಭೇಟಿಗೆ 1,800 ರೂಪಾಯಿ, ವಿಡಿಯೊ ಆದರೂ ಅಷ್ಟೇ. ನನ್ನ ಸಂಬಳಕ್ಕೆ ಇದು ದೊಡ್ಡ ಹೊರೆ. ಮಗಳ ಹೆಸರಿನ ಉಳಿತಾಯಕ್ಕೆ ಕೈಹಾಕಬೇಕಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ದೇಹದ ಕಾಯಿಲೆಗಳಿಗೆ ಇರುವಂತೆಯೇ ಮನಸ್ಸಿನ ಕಾಯಿಲೆಗಳಿಗೂ ವಿಮೆ ಇರಬೇಕೆನ್ನುತ್ತದೆ. ಆದರೆ ನನ್ನ ಪಾಲಿಸಿಯಲ್ಲಿ ಹೊರರೋಗಿ ಭೇಟಿಗಳಿಗೆ ರಕ್ಷಣೆಯೇ ಇಲ್ಲವಾದ್ದರಿಂದ ಒಂದು ರೂಪಾಯಿಯೂ ವಾಪಸ್ ಬರಲಿಲ್ಲ. ರಸೀದಿಗಳನ್ನು ಮಾತ್ರ ಕ್ಲಿನಿಕ್ಕಿನವರು ಅಚ್ಚುಕಟ್ಟಾಗಿ ಕೊಟ್ಟರು.

ಇಷ್ಟು ಹಣ ಹೊಂದಿಸಲಾಗದವರು ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್‌ನಲ್ಲಿ ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಮನೋವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಕರೆ ಮಾಡಿದರೆ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಪೂರ್ತಿ ಚಿಕಿತ್ಸೆ ಅಲ್ಲಿ ಸಿಗದಿದ್ದರೂ ಎಲ್ಲಿಗೆ ಹೋಗಬೇಕು ಎಂಬ ದಾರಿ ಸಿಗುತ್ತದೆ. ಖಾಸಗಿಯಾಗಿ ಹೋಗುವವರು ಮೊದಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರ ಬಳಿ ಅದು ಇರುತ್ತದೆ, ಕೇಳಿದರೆ ಬೇಸರಿಸುವುದಿಲ್ಲ. ಮಿತಿಮೀರಿ ತಿನ್ನುವವರಿಗೆ ಚಿಕಿತ್ಸೆ ಕೊಟ್ಟು ಅನುಭವವಿದೆಯೇ, ಯಾವ ವಿಧಾನ ಎಂದು ಕೇಳಿ. ಎಷ್ಟು ಕಿಲೋ ಇಳಿಯುತ್ತದೆ ಎಂದು ಅವರಾಗಿಯೇ ಭರವಸೆ ಕೊಟ್ಟರೆ ಎದ್ದು ಬನ್ನಿ.

ನನಗಾದ ಫಲ ಹೇಳುತ್ತೇನೆ. ಚಿಕಿತ್ಸೆಯ ಮಧ್ಯದ ಹೊತ್ತಿಗೆ ಕೆಟ್ಟ ರಾತ್ರಿಗಳು ವಾರಕ್ಕೊಂದಕ್ಕೆ ಇಳಿದಿದ್ದವು. ಈಗ ಒಂದಿಡೀ ತಿಂಗಳು ಒಂದೂ ಇಲ್ಲದೆ ಕಳೆಯುವುದುಂಟು. ತವರಿನಲ್ಲಿ ಜಗಳವಾದಾಗ, ಅಂಗಡಿಯಲ್ಲಿ ವರ್ಷಾಂತ್ಯದ ದಾಸ್ತಾನು ಲೆಕ್ಕ ಬಂದಾಗ ಮರುಕಳಿಸಿದೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಇಡ್ಲಿ ತಿಂದು ಮುಂದೆ ನಡೆದಿದ್ದೇನೆ. ತೂಕ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ. ಏರುತ್ತಿದ್ದದ್ದು ನಿಂತಿದೆ. ಮಗಳ ಶಾಲೆಯ ಕಾರ್ಯಕ್ರಮದ ಊಟಕ್ಕೆ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದವಳು ಈ ವರ್ಷ ಪಂಕ್ತಿಯಲ್ಲಿ ಕೂತು ಹೋಳಿಗೆ ಹಾಕಿಸಿಕೊಂಡೆ.

ಮನಶ್ಶಾಸ್ತ್ರಜ್ಞೆಗೆ ಐದಕ್ಕೆ ಐದು. ಕ್ಲಿನಿಕ್ಕಿಗೆ ಐದಕ್ಕೆ ಎರಡೂವರೆ, ಅದೂ ಅವರನ್ನು ಕೆಲಸಕ್ಕಿಟ್ಟುಕೊಂಡದ್ದಕ್ಕೆ. ಚಿಕಿತ್ಸೆ ಮುಗಿದು ಸುಮಾರು ಐದು ತಿಂಗಳಿಗೆ ಒಂದು ಮರುಪರಿಶೀಲನಾ ಭೇಟಿ ಈ ವಿಧಾನದಲ್ಲೇ ಸೇರಿದೆ. ನನ್ನದು ಮುಂದಿನ ತಿಂಗಳಿದೆ. ಅವರು ಅಷ್ಟರಲ್ಲಿ ಈ ಕ್ಲಿನಿಕ್ ಬಿಟ್ಟು ಬೇರೆಡೆ ಹೋದರೆ ನಾನೂ ಅಲ್ಲಿಗೇ ಹೋಗುತ್ತೇನೆ.